ಹಾಡಿಲ್ಲದ ಕ್ಯಾಸೆಟ್ ಕೇಳಿದವರು

ಆ ಕ್ಯಾಸೆಟ್ ನನಗೆ ಬಿದ್ದದ್ದು ಎಂಟು ಸಾವಿರ ರೂಪಾಯಿ. ಎಂಬತ್ತರ ದಶಕದ ಕೊನೆಯ ಎಂಟು ಸಾವಿರ ಅದು, ಈಗಿನದಲ್ಲ. ಅಷ್ಟು ದುಡ್ಡಿಗೆ ಆಗ ಆಳಂದದಲ್ಲಿ ಒಂದು ಜೋಡಿ ಒಳ್ಳೆಯ ಎತ್ತು ಬರುತ್ತಿದ್ದವು. ನಾನು ಎತ್ತು ಬಿಟ್ಟು ಮೂಟೆಗಟ್ಟಲೆ ಕ್ಯಾಸೆಟ್ ಕಟ್ಟಿಕೊಂಡೆ. ಸಂಗೀತದ ಮೇಲಿನ ಪ್ರೀತಿಯಿಂದ ದುಡ್ಡು ಹಾಕಿದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಹಾಡುವವರಿಲ್ಲದ ಕ್ಯಾಸೆಟ್ ಅಗ್ಗ ಬೀಳುತ್ತದೆ, ಕಾರಣ ಅಷ್ಟೆ. ಹಾಡುವವನು ಬಂದರೆ ಅವನಿಗೆ ದುಡ್ಡು, ಹಾಡು ಬರೆದವನಿಗೆ ದುಡ್ಡು, ಗಂಟಲಿಗೆ ಬಿಸಿ ಹಾಲು, ಜೊತೆಗೆ ಬಂದ ಭಾವಮೈದುನನಿಗೆ ಊಟ, ಆಮೇಲೆ ಕ್ಯಾಸೆಟ್ ಮೇಲೆ ತನ್ನ ಫೋಟೋ ಸಣ್ಣದಾಯಿತು ಅಂತ ತಕರಾರು. ಬರೀ ವಾದ್ಯ ಆದರೆ ಬಾರಿಸುವವರ ಕೂಲಿ ಕೊಟ್ಟರೆ ಮುಗಿಯಿತು. ಲೆಕ್ಕದಲ್ಲಿ ನಾನು ತಪ್ಪಿರಲಿಲ್ಲ. ಕೇಳುವವರನ್ನು ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ.

ಆಗ ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಅಂಗಡಿ ಆಗುವುದಕ್ಕೆ ಮೊದಲು ಗೋಣಿಚೀಲದಲ್ಲಿ ಕ್ಯಾಸೆಟ್ ತುಂಬಿಕೊಂಡು ಬಸ್ಸಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಸಂತೆ ತಿರುಗಿದವನು ನಾನು. ನೆಲದ ಮೇಲೆ ತಾಡಪತ್ರಿ ಹಾಸಿ ಕೂತು ವ್ಯಾಪಾರ ಕಲಿತೆ. ಗಿರಾಕಿ ಬೆಲೆ ಕೇಳಿ ಎದ್ದು ಹೋದರೆ ಕರೆಯಬಾರದು, ಪಕ್ಕದವನ ಜೊತೆ ಮಾತಾಡುತ್ತ ಕೂರಬೇಕು, ಅವನೇ ತಿರುಗಿ ಬರುತ್ತಾನೆ. ಇದು ನಾನು ಯಾವ ಶಾಲೆಯಲ್ಲೂ ಕಲಿತದ್ದಲ್ಲ.

ಆ ಹುಡುಗ ನನಗೆ ಸಿಕ್ಕಿದ್ದು ಇಜೇರಿಯ ಒಂದು ಮದುವೆಯಲ್ಲಿ. ಹುಡುಗ ಎನ್ನುತ್ತೇನೆ, ಇಪ್ಪತ್ತೈದು ದಾಟಿದ್ದ. ಅಫಜಲಪುರದ ಕಡೆಯವನು. ಅವನ ಅಣ್ಣನದೊಂದು ಬ್ಯಾಂಡ್ ಇತ್ತು, ಇವನು ಅದರಲ್ಲಿ ಬ್ಯಾಂಜೋ ಬಾರಿಸುತ್ತಿದ್ದ. ನಮ್ಮ ಕಡೆ ಬ್ಯಾಂಜೋ ಎಂದರೆ ಕಟ್ಟಿಗೆಯ ಉದ್ದನೆಯ ಪೆಟ್ಟಿಗೆ, ಮೇಲೆ ತಂತಿ, ತಂತಿ ಒತ್ತಲು ಟೈಪ್‌ರೈಟರಿಗೆ ಇರುವಂಥ ಗುಂಡಿಗಳು. ಅದನ್ನು ಮೈಕ್‌ಸೆಟ್ಟಿಗೆ ಜೋಡಿಸಿದರೆ ಊರ ತುಂಬ ಕೇಳಿಸುತ್ತದೆ. ಅವತ್ತು ಗಂಡಿನ ಕಡೆಯವರ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತ್ತು. ಬೀಗರಿಲ್ಲದೆ ಮದುವೆಯ ಅಕ್ಕಿಕಾಳು ಹೇಗೆ ಹಾಕುತ್ತಾರೆ? ಮಂದಿ ನೆರಳು ಹುಡುಕಿ ಕೂತರು. ಬ್ಯಾಂಡಿನವರು ಬೇವಿನ ಮರದ ಕೆಳಗೆ ಅಡ್ಡಾದರು.

ಲಗ್ನದ ಬ್ಯಾಂಡಿನದೊಂದು ಪದ್ಧತಿ ಹೇಳಿಬಿಡುತ್ತೇನೆ. ಬಾರಿಸುವವನು ಎಷ್ಟೇ ರಂಗಿಗೆ ಬಂದಿರಲಿ, ಮನೆಯ ಹಿರಿಯರು ಒಂದು ಕೈ ಎತ್ತಿದರೆ ಸಾಕು, ಅರ್ಧ ಸಾಲಿಗೇ ನಿಲ್ಲಿಸಬೇಕು. ಸ್ವಾಮಿಗಳು ಬಂದರು, ಕೈ. ಊಟಕ್ಕೆ ಎದ್ದರು, ಕೈ. ಯಾರದೋ ಮಗು ಕಾಣಿಸುತ್ತಿಲ್ಲ, ಕೈ. ಹೀಗೆ ವರ್ಷಾನುಗಟ್ಟಲೆ ಅರ್ಧ ಸಾಲಿಗೆ ನಿಂತು ನಿಂತು ಬದುಕಿದವನು ಅವನು. ಅವತ್ತು ಕೈ ಎತ್ತುವವರೆಲ್ಲ ಲಾರಿಯ ಚಿಂತೆಯಲ್ಲಿದ್ದರು. ಇವನು ಬ್ಯಾಂಜೋ ತೊಡೆಯ ಮೇಲಿಟ್ಟುಕೊಂಡು ಸಣ್ಣಗೆ ಶುರು ಮಾಡಿದ. ಪಿಕ್ಚರಿನ ಹಾಡಲ್ಲ, ಭಜನೆಯೂ ಅಲ್ಲ. ಒಂದೇ ಕಡೆ ಸುತ್ತಿ ಸುತ್ತಿ ಬರುತ್ತಿತ್ತು, ಪ್ರತಿ ಸುತ್ತಿಗೆ ಸ್ವಲ್ಪ ಅಗಲವಾಗುತ್ತಿತ್ತು. ಮಲಗಿದ್ದ ಕ್ಲಾರಿನೆಟ್ಟಿನ ಮುದುಕ ಎದ್ದು ಕೂತು ಹಿಂದಿನಿಂದ ಒಂದೇ ಉಸಿರು ಎಳೆದ. ಆಮೇಲೆ ಢೋಲು ಸೇರಿತು. ಅದು ಏರುತ್ತ ಏರುತ್ತ ಹೋಗಿ ಒಂದು ಹಂತದಲ್ಲಿ ಮರದ ಮೇಲಿನ ಗಿಳಿಗಳೆಲ್ಲ ಎದ್ದು ಹಾರಿದವು. ನಾನು ಹಚ್ಚಿದ ಬೀಡಿ ಸೇದದೆಯೇ ಬೂದಿಯಾಗಿತ್ತು. ದುಡ್ಡು ಕೊಟ್ಟು ತಂದ ಬೀಡಿಯನ್ನು ಹಾಗೆ ಸುಡಲು ಬಿಡುವವನಲ್ಲ ನಾನು.

ಅವನ ಅಣ್ಣನ ಹತ್ತಿರ ಹೋಗಿ, ಇದನ್ನು ಕ್ಯಾಸೆಟ್ ಮಾಡೋಣ ಎಂದು ಮಾತೆತ್ತಿದೆ. ಅಣ್ಣ ನನ್ನಂಥವನೇ, ನೋಡಿದ ಕೂಡಲೇ ಗೊತ್ತಾಯಿತು.

"ಸಾವ್ಕಾರ್ರ, ಅವ್ನ ತಲಿ ಮೊದ್ಲೇ ತಿರಗೇದ. ನೀವು ಮತ್ತ ಕೀಲಿ ಕೊಡಬ್ಯಾಡ್ರಿ," ಎಂದ.

"ಕೂಲಿ ಕೊಡ್ತೇನಿ ಮಾರಾಯ, ಪುಕ್ಕಟ ಕೇಳಾಕತ್ತಿಲ್ಲ."

"ಕೂಲಿ ಮಾತಲ್ರಿ. ಇಂವ ಲಗ್ನದಾಗ ಹಿಂಗ ಬಾರ್ಸಿದ್ರ ನಮ್ಮ ಬ್ಯಾಂಡ್ ಯಾರ ಕರೀತಾರ?" ಎಂದು ತಮ್ಮನ ಕಡೆ ತಿರುಗಿದ. "ಏ, ಕೇಳಿಲ್ಲಿ. ಬರೋ ವರ್ಷದ ಲಗ್ನ ಸುರು ಆಗೋ ತನಕ ಬಿಡ್ತೇನಿ. ಅಷ್ಟರಾಗ ನಿನ್ನ ಈ ಬಾಜಾ ಬೇಕಂತ ಯಾರರೆ ಮನೀ ತನಕ ಹುಡಿಕ್ಕೊಂಡು ಬಂದ್ರ, ನಿನ್ನ ಮನಸ್ಸಿಗಿ ಬಂದದ್ದು ಬಾರ್ಸು, ನಾ ಬ್ಯಾಡ ಅನ್ನಂಗಿಲ್ಲ. ಬರ್ಲಿಲ್ಲಂದ್ರ ನಾ ಹೇಳಿದ್ದು ಬಾರ್ಸಬೇಕು. ಇಲ್ಲಂದ್ರ ಬ್ಯಾಂಜೋ ಬಿಡಬೇಕು."

"ಆತು," ಎಂದ ತಮ್ಮ. ಚೌಕಾಸಿಯೇ ಇಲ್ಲ. ನಾನಾಗಿದ್ದರೆ ಎರಡು ವರ್ಷ ಕೇಳಿ ಒಂದೂವರೆಗೆ ಇಳಿಯುತ್ತಿದ್ದೆ.

ಗುಲಬರ್ಗಾದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ರೆಕಾರ್ಡಿಂಗ್ ಆಯಿತು. ಸದ್ದು ಗೋಡೆಗೆ ಬಡಿದು ಹಿಂದೆ ಬರಬಾರದು ಅಂತ ನಾಲ್ಕೂ ಕಡೆ ಕೌದಿ ಇಳಿಬಿಟ್ಟಿದ್ದರು. ಫ್ಯಾನ್ ತಿರುಗಿಸಿದರೆ ಅದರ ಸದ್ದೂ ಸೇರುತ್ತದೆ ಅಂತ ಅದೂ ಬಂದ್. ಬಿಸಿಲುಗಾಲದಲ್ಲಿ ಕೌದಿ ಹೊದ್ದು ಕೂತಂತೆ ಇತ್ತು. ಬ್ಯಾಂಜೋದ ಸದ್ದಿಗೆ ಗುಂಯ್ಗುಡುವ ಗುಣ ಕೊಡುವ ಯಂತ್ರವೊಂದನ್ನು ಸೊಲ್ಲಾಪುರದಿಂದ ಬಾಡಿಗೆಗೆ ತರಿಸಿದ್ದೆ. ಒಂದು ಬದಿಗೆ ಒಂದೇ ಬಾಜಾ, ಇನ್ನೊಂದು ಬದಿಗೆ ಇನ್ನೊಂದು. ನಡುವೆ ನಿಲ್ಲುವುದಿಲ್ಲ. ಮೊದಲನೆಯದು ಬರೀ ಢೋಲಿನಿಂದ ಶುರು, ಅದೂ ದೂರದಲ್ಲಿ ಯಾರೋ ಹೊಲದಲ್ಲಿ ಗುದ್ದಲಿ ಹಾಕುತ್ತಿದ್ದಾರೇನೋ ಎಂಬಷ್ಟು ನಿಧಾನ. ಬ್ಯಾಂಜೋ ಬರುವ ಹೊತ್ತಿಗೆ ಒಂದು ಚಹಾ ಕುಡಿದು ಮುಗಿಸಬಹುದು. ಎಲ್ಲ ಮುಗಿದ ಮೇಲೆ ರೆಕಾರ್ಡಿಂಗ್ ಮಾಡುವಾತ ಕಿವಿಯ ಯಂತ್ರ ತೆಗೆದು, "ಛಲೋ ಆಗ್ಯಾದ್ರಿ. ಹಾಡೋರು ನಾಳೆ ಬರ್ತಾರೇನು?" ಎಂದ. ಅದೇ ಮೊದಲನೆಯ ಅಭಿಪ್ರಾಯ.

ಕ್ಯಾಸೆಟ್ ಕೊಳ್ಳುವುದಕ್ಕೂ ನಮ್ಮ ಕಡೆ ಒಂದು ರೀತಿ ಇತ್ತು. ಬದನೆಕಾಯಿ ಒತ್ತಿ ನೋಡಿ ಕೊಳ್ಳುವ ಹಾಗೆ. "ಜರಾ ಹಚ್ರಿ" ಎನ್ನುತ್ತಾರೆ. ಹಚ್ಚಿದರೆ ಮೊದಲನೆಯ ಸಾಲು ಕೇಳುತ್ತಾರೆ. "ಓಡಿಸ್ರಿ" ಎನ್ನುತ್ತಾರೆ. ಟೇಪು ಮುಂದಕ್ಕೆ ಓಡಿಸಿ ಎರಡನೆಯ ಹಾಡಿನ ಒಂದು ಸಾಲು. ಹೀಗೆ ಮೂರು ಹಾಡು ಮುಟ್ಟಿ ನೋಡಿ ಜೇಬಿಗೆ ಕೈ ಹಾಕುತ್ತಾರೆ. ನಮ್ಮ ಕ್ಯಾಸೆಟ್ಟಿಗೆ ಈ ರೀತಿಯೇ ಮುಳುವಾಯಿತು.

"ಜರಾ ಹಚ್ರಿ."

ಹಚ್ಚಿದೆ. ಢೋಲು.

"ಓಡಿಸ್ರಿ."

ಓಡಿಸಿದೆ. ಢೋಲು, ಬ್ಯಾಂಜೋ.

"ಇನ್ನಾ ಓಡಿಸ್ರಿ. ಹಾಡು ಎಲ್ಲದರಿ?"

"ಹಾಡಿಲ್ರಿ, ಬಾಜಾನೇ ಇದು."

"ಹಾಡು ತುಂಬೋದು ಮರ್ತೀರೇನು? ಖಾಲಿ ಕ್ಯಾಸೆಟ್ಟಿಗಿ ಇಷ್ಟ್ಯಾಕ ರೊಕ್ಕ?"

ಖಾಲಿ ಎಂದವರೇ ಹೆಚ್ಚು. ನಾನು ಸುಮ್ಮನೆ ಕೂರದೆ ಮೂರೂ ತಾಲೂಕಿಗೆ ಹಂಚಿದೆ. ಮಾರಿದ ಮೇಲೆ ದುಡ್ಡು ಕೊಡಿ ಅಂತ ಅಂಗಡಿ, ಹೋಟೆಲು, ಕಟಿಂಗ್ ಶಾಪು ಎಲ್ಲ ಕಡೆ ಇಟ್ಟು ಬಂದೆ. ಬ್ಯಾಂಜೋದವನು ಆಳಂದದ ಸಂತೆಯ ದಿನ ತಪ್ಪದೆ ಬಸ್ಸಿಗೆ ಬರುತ್ತಿದ್ದ. ಎಷ್ಟು ಮಾರಿತು ಅಂತ ಒಂದು ದಿನವೂ ಕೇಳಲಿಲ್ಲ. ಬಂದವನೇ ಅಂಗಡಿಯ ಕಟ್ಟೆಗೆ ಒರಗಿ, "ಯಾರರೆ ಏನರೆ ಅಂದ್ರೇನ್ರಿ?" ಎನ್ನುತ್ತಿದ್ದ. ಅಂದದ್ದನ್ನು ಅಂದ ಹಾಗೆ ಹೇಳುತ್ತಿದ್ದೆ. ಸರಕಿನ ದೋಷ ಮುಚ್ಚಿಟ್ಟರೆ ತಯಾರಿಸುವವನು ಕಲಿಯುವುದಿಲ್ಲ ಎಂಬುದು ನನ್ನ ಧೋರಣೆ. ಚಪ್ಪಲಿ ಹೊಲಿಯುವವನಿಗೆ ಅದು ಸರಿ. ಇವನಿಗೆ ಸರಿಯಾಗಲಿಲ್ಲ.

ಹೈಸ್ಕೂಲಿನ ಮಾಸ್ತರರೊಬ್ಬರು ಕನ್ನಡಕ ಮೇಲೇರಿಸಿ, "ರಾಗ ಯಾವುದು?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. "ಬಾರಿಸಿದವನಿಗೆ?" ಅವನಿಗೂ ಗೊತ್ತಿಲ್ಲ ಎಂದೆ. "ಹಾಗಾದರೆ ಇದು ಸಂಗೀತದ ಪೈಕಿ ಬರುವುದಿಲ್ಲ" ಎಂದು ತೀರ್ಪು ಕೊಟ್ಟು, ಹಳೆಯ ಪಿಕ್ಚರಿನದೊಂದು ಕ್ಯಾಸೆಟ್ ಒಯ್ದರು.

ಜೇವರ್ಗಿಯ ಕಟಿಂಗ್ ಶಾಪಿನವನು ಕ್ಯಾಸೆಟ್ ವಾಪಸು ಕೊಟ್ಟ. "ಮಾಮಾ, ಇದನ್ನ ಒಯ್ರಿ ನೀವು. ಗಿರಾಕಿ ಕುರ್ಚ್ಯಾಗ ನಿದ್ದಿ ಹೊಡ್ಯಾಕತ್ತಾರ. ಗದ್ದ ಎತ್ತಿ ಹಿಡದಿರ್ತೇನಿ, ಪಟ್ನ ಕುತ್ತಿಗಿ ಕೆಳಗ ಬೀಳ್ತದ. ಕೈಯಾಗ ಕತ್ತಿ ಇರ್ತದ್ರಿ ನನ್ನ!"

ಭಜನೆ ಮೇಳದ ಯಜಮಾನರೊಬ್ಬರು ಮೂರು ಒಯ್ದಿದ್ದರು. ನಾನು ಹಿಗ್ಗಿದೆ. ಎಂಟು ದಿನಕ್ಕೆ ಮೂರನ್ನೂ ತಂದು ಕಟ್ಟೆಯ ಮೇಲಿಟ್ಟರು. ಹಾಡನ್ನು ತಾವೇ ಹಾಡಿಕೊಳ್ಳಲಿ ಅಂತ ಜಾಗ ಬಿಟ್ಟು ಮಾಡಿದ ಕ್ಯಾಸೆಟ್ ಅದು ಎಂದು ಅವರು ತಿಳಿದಿದ್ದರು. "ನಾವು ಒಂದು ನುಡಿ ಹಾಡಿ ಉಸುರು ತಗೊಳ್ಳೂದ್ರಾಗ ನಿಮ್ಮ ಬ್ಯಾಂಜೋ ನಮ್ಮ ಕೈ ಬಿಟ್ಟು ಎಲ್ಲೋ ಹೊಂಟೋತ್ರಿ. ಹಿಂದಿಂದ ಓಡಿ ಓಡಿ ಹೈರಾಣಾದ್ವಿ" ಎಂದರು.

ಘತ್ತರಗಿಯಲ್ಲಿ ದೇವಿಯ ಗುಡಿಯ ಹತ್ತಿರ ತೆಂಗಿನಕಾಯಿ, ಕುಂಕುಮ, ಕ್ಯಾಸೆಟ್ ಮಾರುವ ಹೆಣ್ಣುಮಗಳೊಬ್ಬಳು ಇದ್ದಳು. ವ್ಯಾಪಾರದಲ್ಲಿ ನನಗೆ ಗುರುವಾಗಬಲ್ಲವಳು. ಅವಳು ಪೂರ್ತಿ ಒಂದು ಬದಿ ಕೇಳಿ ಹೇಳಿದಳು: "ಅಣ್ಣಾ, ಛಲೋನೇ ಅದ. ಆದ್ರ ತಾಯಿ ಹೆಸರು ಒಂದು ಸಲನಾರ ಬರಬೇಕಲ್ಲ? ನಡುವ ಒಂದು ಕಡೆ 'ತಾಯೀ' ಅಂತ ಒದರ್ಸು. ಒಂದೇ ಒಂದು ಸಲ. ಬೇಕಂದ್ರ ನಾನೇ ಬಂದು ಒದರ್ತೇನಿ, ರೊಕ್ಕ ಕೊಡಬ್ಯಾಡ."

ಇದು ಒಳ್ಳೆಯ ಸಲಹೆ ಎಂದು ನನಗೆ ಈಗಲೂ ಅನಿಸುತ್ತದೆ. ಸಂತೆಯ ದಿನ ಹುಡುಗನ ಮುಂದೆ ಇಟ್ಟೆ. ಒಂದೇ ಮಾತು ಹಾಕಿದರೆ ಜಾತ್ರೆಗೆ ಬಂದವರೆಲ್ಲ ಒಯ್ಯುತ್ತಾರೆ, ನಿನ್ನ ಅಣ್ಣನ ಬಾಯಿಯೂ ಮುಚ್ಚುತ್ತದೆ ಎಂದೆ.

"ಒಮ್ಮೆ 'ತಾಯೀ' ಅಂದ್ರ ಆಮ್ಯಾಲ ಬ್ಯಾಂಜೋ ಯಾರೂ ಕೇಳಂಗಿಲ್ರಿ," ಎಂದ. "ಮತ್ತ ಯಾವಾಗ 'ತಾಯೀ' ಅಂತಾರ ಅಂತ ಕಾಯ್ಕೋತ ಕುಂದರ್ತಾರ."

"ಕುಂದರ್ಲಿ ಬಿಡಲೇ, ರೊಕ್ಕ ಕೊಟ್ಟಿರ್ತಾರಲ್ಲ?"

"ನನಗ ಕೇಳೋರು ಬೇಕಾಗ್ಯಾರ್ರಿ, ಕಾಯೋರಲ್ಲ."

ಅವನ ಹತ್ತಿರ ಮಾತಿನಲ್ಲಿ ಗೆಲ್ಲುವುದಾಗಲಿಲ್ಲ. ಚೌಕಾಸಿ ಮಾಡದವನ ಜೊತೆ ಚೌಕಾಸಿ ಮಾಡುವುದು ಬಲು ಕಷ್ಟ.

ಮಳೆಗಾಲ ಹೋಯಿತು. ತೊಗರಿ ಹೂ ಬಿಟ್ಟು, ಕಾಯಿ ಕಟ್ಟಿ, ಕೊಯ್ಲಿಗೆ ಬಂತು. ಲಗ್ನದ ಕಾಲ ಹತ್ತಿರ ಬರುತ್ತಿತ್ತು, ಯಾರೂ ಅವನ ಮನೆಯ ತನಕ ಹುಡುಕಿಕೊಂಡು ಬಂದಿರಲಿಲ್ಲ. ಆಗ ಖಜೂರಿಯಲ್ಲಿ ಒಬ್ಬ ಸಿಕ್ಕ. ಮಹಾರಾಷ್ಟ್ರಕ್ಕೆ ಹೋಗುವ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತವೆ. ನಾನು ಕ್ಯಾಸೆಟ್ ಇಟ್ಟಿದ್ದ ಚಹಾದಂಗಡಿಯಲ್ಲಿ ಒಬ್ಬ ಲಾರಿ ಡ್ರೈವರ್ ಮುಖ ತೊಳೆಯುತ್ತಿದ್ದ. ಅಂಗಡಿಯವನು ನನ್ನನ್ನು ತೋರಿಸಿ, "ಇವರೇ ನೋಡು ಆ ಕ್ಯಾಸೆಟ್ಟಿನ ಮಾಲಕರು" ಎಂದ. ಬೈಯಲು ಬಂದ ಎಂದುಕೊಂಡೆ. ಡ್ರೈವರ್ ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದ.

"ಉಮರ್ಗಾ ದಾಟಿ ಲಾತೂರ್ ತನಕ ಅದೇ ಹಚ್ಚಿದ್ದೆ ಭಾಯ್. ಹಾಡು ಅಂದ್ರ ಏನ್ರಿ, ಒಬ್ಬಾಂವ ಬಾಜೂಕ ಕುಂತು ತನ್ನ ಗೋಳು ಹೇಳ್ತಾನ. ಹುಡುಗಿ ಬಿಟ್ಟು ಹೋದಳು, ದೇವರು ಕಣ್ಣು ತೆಗೀಲಿಲ್ಲ. ಕೇಳಿ ಕೇಳಿ ಸಾಕಾಗ್ಯಾದ. ಇದ್ರಾಗ ಯಾರೂ ನನಗ ಏನೂ ಹೇಳಾಕತ್ತಿಲ್ಲ. ದಾರಿ ಹೆಂಗ ಅದನೋ ಹಂಗ ಅದ. ಏರು ಬಂದ್ರ ಏರ್ತದ."

ಆ ಸಂತೆಗೆ ಬ್ಯಾಂಜೋದವನು ಬಂದಾಗ ಇದನ್ನು ಹೇಳಿದೆ. ಅವನು ಎರಡು ಸಲ ಹೇಳಿಸಿಕೊಂಡ. "'ಏರು ಬಂದ್ರ ಏರ್ತದ' ಅಂದನೇನ್ರಿ? ಹಂಗೇ ಅಂದನೇನು?" ಎಂದು ಹೋಗುವಾಗ ಬಸ್ಸಿನ ಕಿಟಕಿಯಿಂದ ಮತ್ತೆ ಕೇಳಿದ. ಅಷ್ಟು ತಿಂಗಳಲ್ಲಿ ಅವನು ನಕ್ಕದ್ದು ಅದೊಂದೇ ಸಲ ನಾನು ಕಂಡದ್ದು.

ಒಬ್ಬನಿಗೆ ಹಿಡಿಸಿದ್ದು ಊರಿಗೂ ಹಿಡಿಸುತ್ತದೆ, ಜೋರಾಗಿ ಕೇಳಿಸಬೇಕು ಅಷ್ಟೆ ಎಂದು ನಾನು ಲೆಕ್ಕ ಹಾಕಿದೆ. ಮುಂದಿನ ಸಂತೆಯ ದಿನ ಅಂಗಡಿಯ ಮಾಳಿಗೆಯ ಮೇಲೆ ಮೈಕಿನ ಎರಡು ಹಾರ್ನು ಕಟ್ಟಿಸಿದೆ, ಒಂದು ಬಸ್‌ಸ್ಟ್ಯಾಂಡಿನ ಕಡೆ, ಒಂದು ಬಜಾರದ ಕಡೆ. ಬ್ಯಾಂಜೋದವನು ಬರುವಷ್ಟರಲ್ಲಿ ಊರೆಲ್ಲ ಕೇಳುತ್ತಿರಬೇಕು ಎಂದು ಬೆಳಿಗ್ಗೆಯೇ ಹಚ್ಚಿದೆ. ಢೋಲು ಶುರುವಾಯಿತು. ಆಮೇಲೆ ಕ್ಲಾರಿನೆಟ್ಟಿನ ಮುದುಕನ ಆ ಉದ್ದನೆಯ ಉಸಿರು.

ಕೆಲವು ವರ್ಷದ ಹಿಂದೆ ದಿಲ್ಲಿಯಲ್ಲಿ ದೊಡ್ಡವರೊಬ್ಬರು ತೀರಿಕೊಂಡಿದ್ದಾಗ ರೇಡಿಯೋದಲ್ಲಿ ದಿನಗಟ್ಟಲೆ ಹಾಡು ಬಂದ್ ಮಾಡಿ, ಮಾತಿಲ್ಲದ ನಿಧಾನದ ವಾದ್ಯವನ್ನೇ ಹಾಕಿದ್ದರು. ಆಗ ಅಂಗಡಿ ಮುಚ್ಚಿದ್ದವು, ಬಸ್ಸು ನಿಂತಿದ್ದವು, ಕೆಲವು ಊರಲ್ಲಿ ಕಲ್ಲು ಬಿದ್ದಿದ್ದವು. ಅಂದಿನಿಂದ ನಮ್ಮ ಮಂದಿಗೆ ಒಂದು ಪಾಠ ಕಿವಿಯಲ್ಲಿ ಕೂತುಬಿಟ್ಟಿತ್ತು: ಹಾಡಿಲ್ಲದೆ ನಿಧಾನಕ್ಕೆ ಬಾಜಾ ಕೇಳಿಸಿತೆಂದರೆ ಯಾರೋ ದೊಡ್ಡವರು ಹೋದರು. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೊದಲು ಎದುರಿನ ಬಟ್ಟೆ ಅಂಗಡಿಯ ಸಾಹುಕಾರರು ಹೊರಗೆ ಬಂದು ಹಾರ್ನಿನ ಕಡೆ ನೋಡಿದರು. ಟೋಪಿ ತೆಗೆದರು. ಆಮೇಲೆ ಅಂಗಡಿಯ ಹಲಗೆ ಒಂದೊಂದಾಗಿ ಹಾಕತೊಡಗಿದರು. ಅವರನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಅದರ ಪಕ್ಕದವರು. ನಾನು ಒಳಗೆ ಗಿರಾಕಿಯ ಜೊತೆ ಇದ್ದೆ.

"ಯಾರ ಹೋದ್ರಲೇ?" ಬೀದಿಯಲ್ಲಿ ಒಬ್ಬ ಕೂಗಿದ.

"ದಿಲ್ಲಿಯವರಂತ."

"ದಿಲ್ಲಿ ಅಲ್ಲೋ, ಬೆಂಗಳೂರಾಗಂತ."

"ಯಾರರೆ ಆಗ್ಲಿ, ಮೊದ್ಲು ಗಾಡಿ ತಿರಗ್ಸು!"

ಬಳೆ ಮಾರುವ ಮುದುಕಿ ಕೂತಲ್ಲೇ ಅಳಲು ಶುರು ಮಾಡಿದಳು. ಯಾರಿಗಾಗಿ ಎಂದು ಕೇಳಿದರೆ "ಯಾರೋ ಪುಣ್ಯಾತ್ಮ" ಎಂದಳಂತೆ. ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರುಗಳು ಕಲ್ಲಿಗೆ ಹೆದರಿ ಬಸ್ಸನ್ನು ಡಿಪೋಗೆ ತಿರುಗಿಸಿದರು. ಶಾಲೆ ಬಿಟ್ಟರು, ಮಕ್ಕಳು ಚೀಲ ಬೀಸುತ್ತ ಓಡಿದವು. ತೊಗರಿ ತಂದ ರೈತರನ್ನು ಅಡತಿಯವರು ತೂಕ ಮಾಡದೆ ವಾಪಸು ಕಳಿಸಿದರು. ನನಗೆ ವಿಷಯ ತಿಳಿದದ್ದು ಜಮಾದಾರ ಬಂದು ಕೋಲಿನಿಂದ ಕಟ್ಟೆ ಕುಟ್ಟಿದಾಗ.

"ಯಾರ ಸತ್ತಾರ? ನಮಗ ಠಾಣೇಕ ಬರೋಕಿಂತ ಮೊದ್ಲು ನಿಮಗ ಹೆಂಗ ಬಂತು ಸುದ್ದಿ?"

"ಯಾರೂ ಸತ್ತಿಲ್ರಿ ಸಾಹೇಬ್ರ."

"ಮತ್ತ ಇದನ್ನ್ಯಾಕ ಹಚ್ಚಿ?"

"ಕ್ಯಾಸೆಟ್ ಅದ್ರಿ. ಮಾರಾಕ ಹಚ್ಚೇನಿ."

ಅವನು ತಲೆಯೆತ್ತಿ ಹಾರ್ನಿಗೆ ಕಿವಿಗೊಟ್ಟ. "ಇದನ್ನ? ರೊಕ್ಕ ಕೊಟ್ಟು? ಯಾರಲೇ ತಗೋತಾರ? ಬಂದ್ ಮಾಡು ಮೊದ್ಲು!"

ಬಂದ್ ಮಾಡಿದೆ. ಬ್ಯಾಂಜೋದವನು ಅವತ್ತು ಬರಲಿಲ್ಲ. ಅವನ ಬಸ್ಸನ್ನು ದಾರಿಯಲ್ಲೇ ತಿರುಗಿಸಿದ್ದರು. ತನ್ನ ಬಾಜಾಕ್ಕೆ ಒಂದು ಊರು ಮುಚ್ಚಿತು ಎಂದು ಅವನಿಗೆ ಆಮೇಲೆ ನಾನೇ ಹೇಳಬೇಕಾಯಿತು. ಒಂದು ಸಂತೆ ಕಳೆದುಕೊಂಡ ವ್ಯಾಪಾರಸ್ಥರು ನನಗೆ ಅಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಆರು ತಿಂಗಳು ನಾನು ಬಜಾರದಲ್ಲಿ ಕಾಣಿಸಿದರೆ ಸಾಕು, "ಕಾಕಾ, ಇವತ್ತ ಯಾರ್ರಿ?" ಎಂದು ಕೇಳುತ್ತಿದ್ದರು.

ಅದರ ಹೆಸರು ಅಲ್ಲಿಂದ ಸಾವಿನ ಕ್ಯಾಸೆಟ್ ಎಂದೇ ಆಯಿತು. ಇಟ್ಟು ಬಂದ ಕಡೆಯಿಂದೆಲ್ಲ ವಾಪಸು ಬಂದವು. ಪ್ರತಿ ಸೋಮವಾರ ಮಠಕ್ಕೆ ಹೋಗಿ ಬರುವ ಹಿರಿಯರೊಬ್ಬರು ತಮ್ಮದನ್ನು ಕಾಗದದಲ್ಲಿ ಸುತ್ತಿ ತಂದರು. "ಬಸವಣ್ಣನವರು ಸೂತಕ ಇಲ್ಲ ಅಂದಾರ, ನಮ್ಮ ಮನ್ಯಾಗ ಸೂತಕ ಮಾಡಂಗಿಲ್ಲ. ಆದ್ರ ಇದನ್ನ ಮನ್ಯಾಗ ಇಡೂದು ಬ್ಯಾಡ ಅಂತಾರ ಹೆಣ್ಮಕ್ಕಳು" ಎಂದರು. ಸೂತಕವಿಲ್ಲದ ಮನೆಗೂ ನಮ್ಮ ಕ್ಯಾಸೆಟ್ ಮೈಲಿಗೆಯಾಯಿತು.

ಲಗ್ನದ ಕಾಲಕ್ಕೆ ಇನ್ನು ಸ್ವಲ್ಪವೇ ದಿನ ಇರುವಾಗ ಅಫಜಲಪುರದ ಅವನ ಮನೆಯ ಮುಂದೆ ಒಂದು ಜೀಪು ಬಂದು ನಿಂತಿತು. ನದಿಯಂಚಿನ ಊರಿನ ದೊಡ್ಡ ಗೌಡರ ಮನೆಯ ಜೀಪು. "ಬ್ಯಾಂಜೋದವರು ಇದ್ದಾರೇನು? ಕ್ಯಾಸೆಟ್ಟಿನಾಗ ಬಾರ್ಸಿದವರೇ ಬೇಕಾಗ್ಯಾರ" ಎಂದರಂತೆ. ಹುಡುಗ ಅಣ್ಣನ ಮುಖ ನೋಡಿದನಂತೆ. ಅಣ್ಣ ಕೊಟ್ಟ ಮಾತು ಅದೇ ತಾನೆ, ಮನೆಯ ತನಕ ಹುಡುಕಿಕೊಂಡು ಬರಬೇಕು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜೀಪು ಹತ್ತಿದ. ಗೌಡರ ತಂದೆ ತೀರಿಕೊಂಡಿದ್ದಾರೆ ಎಂದು ಗೊತ್ತಾದದ್ದು ಆ ಊರಿನ ಅಗಸೆ ಬಾಗಿಲ ಹತ್ತಿರ.

ಬಾರಿಸಿ ಬಂದ. ಆಳಂದಕ್ಕೆ ಬಂದು ನನ್ನ ಅಂಗಡಿಯ ಕಟ್ಟೆಗೆ ಒರಗಿ ನಿಂತ. ಈ ಸಲ ಯಾರು ಏನಂದರು ಅಂತ ಕೇಳಲಿಲ್ಲ.

"ಹೆಣದ ಮುಂದ ಕುಂದ್ರಿಸಿದ್ರು ನನ್ನ. ಪೂರಾ ಬಾರ್ಸಿದೆ," ಎಂದ.

"ಪೂರಾ?"

"ಸುರೂದಿಂದ ಕಡೀ ತನಕ. ಎಲ್ಲಾರೂ ಕೇಳಿದ್ರು. ಒಬ್ಬರೂ ಮಾತಾಡ್ಲಿಲ್ಲ, ಕೂಸು ಸುದ್ದಾ ಅಳ್ಲಿಲ್ಲ. ಯಾರೂ ಕೈ ಎತ್ತಲಿಲ್ರಿ."

ಛಲೋ ಆಯಿತು ಎಂದೆ. ಅದು ಬಾಯಿಂದ ಬಿದ್ದ ಕೂಡಲೇ ಬೀಳಬಾರದಿತ್ತು ಎಂದು ಗೊತ್ತಾಯಿತು.

ಗೌಡರ ಮನೆಯಲ್ಲಿ ಬಾರಿಸಿದ ಮೇಲೆ ಉಳ್ಳವರ ಮನೆಗೆಲ್ಲ ಅದೊಂದು ಮರ್ಯಾದೆಯ ವಿಷಯವಾಯಿತು. ಒಂದಾದ ಮೇಲೊಂದು ಕರೆ ಬಂತು. ಅಣ್ಣನಿಗೆ ಖುಷಿ. "ನೋಡು, ಹುಡಿಕ್ಕೊಂಡು ಬರಾಕತ್ತಾರ. ನಾ ಮಾತು ತಪ್ಪಾಂವಲ್ಲ. ನಿನ್ನ ಮನಸ್ಸಿಗಿ ಬಂದದ್ದೇ ಬಾರ್ಸಾಕತ್ತಿ" ಎಂದನಂತೆ. ಆದರೆ ಲಗ್ನ ಶುರುವಾದಾಗ ಆಟ ತಿರುಗಿತು. ಜೇವರ್ಗಿಯ ಒಂದು ಮದುವೆಯಲ್ಲಿ ನಾನೂ ಇದ್ದೆ. ಮೆರವಣಿಗೆ ಹೊರಡಬೇಕು, ಮದುಮಗಳ ಅಜ್ಜಿ ಬ್ಯಾಂಡಿನ ಮುಂದೆ ಬಂದು ನಿಂತು ಇವನ ಮುಖ ದಿಟ್ಟಿಸಿ ನೋಡಿದಳು.

"ಇಂವ ನಮ್ಮ ಭಾವನ ಮಣ್ಣಿಗಿ ಬಂದಿದ್ನಲ್ಲ? ಸಾವಿಗಿ ಬಾರ್ಸಾಂವನ್ನ ಲಗ್ನಕ್ಕ ಯಾಂವ ಕರ್ಸಿದಾಂವ? ಏ ಬೇ, ಹುಡುಗಿನ್ನ ಒಳಗ ಕರ್ಕೊಂಡು ನಡಿ!"

ಮದುಮಗಳನ್ನು ಒಳಗೆ ಕರೆದುಕೊಂಡು ಹೋದರು. ಇವನನ್ನು ಬ್ಯಾಂಡಿನಿಂದ ಹೊರಗೆ ಕರೆದು ಹಿತ್ತಲಲ್ಲಿ ಕೂರಿಸಿದ ಮೇಲೆಯೇ ಮೆರವಣಿಗೆ ಹೊರಟಿದ್ದು. ಅದೇ ವಾರ ಅಣ್ಣ ಬ್ಯಾಂಡಿಗೆ ಬೇರೆಯವನನ್ನು ಗೊತ್ತು ಮಾಡಿಕೊಂಡ. ಇವನಿಗೆ ಸಾವಿನ ಮನೆಗಳಷ್ಟೇ ಉಳಿದವು. ತನ್ನದನ್ನು ಪೂರ್ತಿ ಬಾರಿಸಬಹುದು, ಕೇಳುವವರೂ ಪೂರ್ತಿ ಕೇಳುತ್ತಾರೆ, ಮುಂದೆ ಒಂದು ಹೆಣ ಇರಬೇಕು ಅಷ್ಟೆ.

ಒಂದು ವರ್ಷ ಮಾಡಿದ. ಆಮೇಲೆ ಒಂದು ದಿನ ಬಂದು ಬ್ಯಾಂಜೋವನ್ನು ಸೊಲ್ಲಾಪುರದವನೊಬ್ಬನಿಗೆ ಮಾರಿದೆ ಎಂದ. ನಾನು ಸಿಟ್ಟಿಗೆದ್ದೆ. ಕೇಳುವ ಮಂದಿ ಸಿಕ್ಕಿದ್ದಾರೆ, ಬರೋ ಕೆಲಸ ಯಾಕೆ ಬಿಡುತ್ತಿ ಎಂದು ಬೈದೆ.

"ಜೀಪ್ ಬಂದ್ರ ನನಗ ಖುಷಿ ಆಗಾಕ ಹತ್ತಿತ್ರಿ ಸಾವ್ಕಾರ್ರ," ಎಂದ. "ಯಾರೋ ಸತ್ತಾರ ಅಂತ ಖುಷಿ. ಬಾರ್ಸಾಕ ಸಿಗ್ತದಲ್ಲ ಅಂತ. ಹೋದ ವಾರ ಓಣ್ಯಾಗಿನ ಮುದುಕ ಆರಾಮಿಲ್ದೆ ಮಲಗಿದ್ದ, ನಾ ಮನ್ಯಾಗ ಕುಂತು ತಂತಿ ಬಿಗೀ ಮಾಡಾಕತ್ತಿದ್ದೆ. ನಮ್ಮವ್ವ ನೋಡಿ ಕೈ ಮುಗದಳ್ರಿ, 'ಹಂಗ ಮಾಡಬ್ಯಾಡೋ' ಅಂತ."

ಅವನು ಅಫಜಲಪುರದಲ್ಲಿ ಒಂದು ಹಿಟ್ಟಿನ ಗಿರಣಿಗೆ ಸೇರಿದ. ವರ್ಷಗಳ ಮೇಲೆ, ತೊಂಬತ್ತರ ದಶಕ ಅರ್ಧ ಮುಗಿದಿದ್ದಾಗ, ನಾನು ಆ ಗಿರಣಿಗೆ ಹೋಗಿದ್ದೆ. ಮೈಯೆಲ್ಲ ಬಿಳಿ ಹಿಟ್ಟು, ಹುಬ್ಬು ಕೂಡ ಬಿಳಿ. ಕಲ್ಲು ತಿರುಗುವ ಸದ್ದಿಗೆ ಮಾತೇ ಕೇಳಿಸುವುದಿಲ್ಲ. ಬೀದರ ಕಡೆಯವರೊಬ್ಬರು ಆ ಕ್ಯಾಸೆಟ್ ಎಲ್ಲೋ ಕೇಳಿ, ಇಂಥದ್ದು ಇನ್ನೊಂದು ಇದೆಯೇ ಎಂದು ನನ್ನ ಅಂಗಡಿಗೆ ಬಂದಿದ್ದರು. ಅದನ್ನು ಹೇಳಬೇಕೆಂದು ಹೋಗಿದ್ದೆ. ಅವನ ಕಿವಿಯ ಹತ್ತಿರ ಬಾಯಿಟ್ಟು, "ಒಬ್ಬರು ಬಂದಿದ್ರು, ನಿನ್ನ ಬಾಜಾ ಕೇಳಿ ಏನಂದ್ರು ಗೊತ್ತದ ಏನು?" ಎಂದು ಕೂಗಿದೆ. ಅವನು ಕೈ ಎತ್ತಿದ. ಅಷ್ಟೆ. ನಾನು ನಿಲ್ಲಿಸಿದೆ. ಅವನು ಸರದಿಯ ಮುಂದಿನವಳ ಜೋಳದ ಬುಟ್ಟಿ ಎತ್ತಿ ಗಿರಣಿಯ ಬಾಯಿಗೆ ಸುರಿದ.

ಉಳಿದ ಕ್ಯಾಸೆಟ್ಟುಗಳ ಮೇಲೆ ನಾನು ಭಕ್ತಿಗೀತೆ ತುಂಬಿ ಮಾರಿದೆ. ಎಲ್ಲವೂ ಹೋದವು.

ಈಗ ನಿಮಗೆ ಹೇಳುವುದು ಇಷ್ಟು, ಕೇಳಿದರೆ ಕೇಳಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಮಾತಿಲ್ಲದೆ ಏನನ್ನೋ ಬಾರಿಸುವವನು ಇದ್ದರೆ ಅವನ ಸರಕನ್ನು ಸಂತೆಗೆ ಒಯ್ಯಬೇಡಿ, ಹಾರ್ನಿಗಂತೂ ಕಟ್ಟಲೇಬೇಡಿ. ಗುಂಪು ಕೂಡಿದ ಕಡೆ ಮಂದಿ ಕೇಳುವುದಿಲ್ಲ, ಇದು ಯಾತಕ್ಕೆ ಎಂದು ಕೇಳುತ್ತಾರೆ. ಲಗ್ನಕ್ಕೋ, ದೇವರಿಗೋ, ಸಾವಿಗೋ? ಯಾವುದಕ್ಕೂ ಅಲ್ಲ ಎಂದರೆ ತಾವೇ ಒಂದು ಹುಡುಕಿ ಅದರ ಕುತ್ತಿಗೆಗೆ ಕಟ್ಟುತ್ತಾರೆ. ಒಂದು ಸಲ ಕಟ್ಟಿದರೆ ಬಿಚ್ಚಲು ನಿಮ್ಮಿಂದಾಗುವುದಿಲ್ಲ. ದೂರ ಪ್ರಯಾಣ ಮಾಡುವವರಿಗೆ, ಒಬ್ಬೊಬ್ಬರಿಗೆ, ಕೈಯಲ್ಲಿ ಕೊಟ್ಟು ಸುಮ್ಮನಿರಿ. ಹಚ್ಚಿ ತೋರಿಸಿ ಎಂದರೆ ಟೇಪು ಕೆಟ್ಟಿದೆ ಎನ್ನಿ. ಕೇಳಿದವರು ಅಂದದ್ದನ್ನೆಲ್ಲ ಹೊತ್ತುಕೊಂಡು ಹೋಗಿ ಬಾರಿಸುವವನ ಮುಂದೆ ಸುರಿಯಬೇಡಿ. ಅಭಿಪ್ರಾಯ ಕೊಟ್ಟವನ ಕೈಯಿಂದ ಏನೂ ಹೋಗುವುದಿಲ್ಲ, ಅದಕ್ಕೇ ಎಲ್ಲರೂ ಕೊಡುತ್ತಾರೆ. ಒಳ್ಳೆಯದು ಬಂದರೆ ಹೇಳಿ. ಕೆಟ್ಟದ್ದಿದ್ದರೆ ನುಂಗಿ, ನಿಮಗೇನು, ಅರಗುತ್ತದೆ. ಅವನೇ ಕಟ್ಟೆಗೆ ಒರಗಿ ಯಾರು ಏನಂದರು ಎಂದು ಕೇಳಿದರೆ, ಇನ್ನೂ ಕೇಳುತ್ತಿದ್ದಾರೆ, ಪೂರ್ತಿ ಆಗಿಲ್ಲ, ಮುಂದಿನ ವಾರ ಹೇಳುತ್ತಾರೆ ಎಂದು ಸುಳ್ಳು ಹೇಳಿ. ಪ್ರತಿ ವಾರ ಅದೇ ಸುಳ್ಳು ಹೇಳಿ. ಅಷ್ಟರೊಳಗೆ ಅವನು ಇನ್ನೊಂದನ್ನು ಬಾರಿಸಿರುತ್ತಾನೆ.